ರೈತರ ಮೊಬೈಲ್ ಫೋನು: ಗುಟ್ಟು ಕಾಯುವ ಬದಲಿ ಸೇವೆಗಳು

(ರೈತರ ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸ)



ದನಗಳ ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಕುದುರುವ ರೀತಿ ರೈತರಿಗೆಲ್ಲ ತಿಳಿದದ್ದೇ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು, ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಮಾತಾಡುತ್ತಾರೆ. ಸುತ್ತ ಜನ ಕಿಕ್ಕಿರಿದು ನೋಡುತ್ತಿದ್ದರೂ ಮೊತ್ತ ಯಾರಿಗೂ ತಿಳಿಯದು. ಇದರಲ್ಲಿ ಕಳ್ಳತನವೇನೂ ಇಲ್ಲ. ಮಾರುವವನಿಗೆ ಎಷ್ಟು ಅವಸರವಿದೆ, ಎಷ್ಟಕ್ಕೆ ಬಿಟ್ಟುಕೊಡಲು ಸಿದ್ಧನಿದ್ದಾನೆ ಎಂಬುದು ಬಯಲಾದರೆ ಮುಂದಿನ ಗಿರಾಕಿ ಆ ಮೊತ್ತದಿಂದಲೇ ಕೆಳಕ್ಕೆ ಎಳೆಯತೊಡಗುತ್ತಾನೆ. ಆದ್ದರಿಂದ ಟವೆಲ್ಲು ಬೇಕು.

ಅದೇ ರೈತ ಮನೆಗೆ ಬಂದು ಜಗಲಿಯ ಮೇಲೆ ಕುಳಿತು ಫೋನು ತೆಗೆಯುತ್ತಾನೆ. ಬೆಳಿಗ್ಗೆ ಶುಂಠಿಯ ಗೆಡ್ಡೆ ಕೊಳೆ ರೋಗಕ್ಕೆ ಔಷಧ ಯಾವುದೆಂದು ಹುಡುಕುತ್ತಾನೆ. ಮಧ್ಯಾಹ್ನ ಚಿನ್ನದ ಸಾಲದ ಬಡ್ಡಿ ಎಷ್ಟೆಂದು ಕೇಳುತ್ತಾನೆ. ರಾತ್ರಿ ಮಗಳ ಕಾಲೇಜು ಶುಲ್ಕದ ವಿಚಾರ ನೋಡುತ್ತಾನೆ. ಈ ಮೂರು ಪ್ರಶ್ನೆಗಳನ್ನು ಬೇರೆಬೇರೆ ನೋಡಿದರೆ ಏನೂ ಇಲ್ಲ. ಒಂದೇ ಕಡೆ ಸೇರಿಸಿ ಓದಿದರೆ, ಬೆಳೆ ಕೈಕೊಟ್ಟಿದೆ, ಹಣದ ತುರ್ತು ಇದೆ, ಗಡುವು ಹತ್ತಿರವಿದೆ ಎಂಬುದು ಸ್ಪಷ್ಟವಾಗುತ್ತದೆ. ಹೆಂಡತಿಗೂ ಹೇಳದ ಮಾತನ್ನು ಆತ ಫೋನಿಗೆ ಹೇಳಿಬಿಟ್ಟಿದ್ದಾನೆ. ಅಲ್ಲಿ ಟವೆಲ್ಲು ಇಲ್ಲ.

ಈ ಟವೆಲ್ಲನ್ನು ಮತ್ತೆ ಹೊದಿಸುವುದು ಹೇಗೆ ಎಂಬುದೇ ಇಂದಿನ ವಿಷಯ. ಫೋನನ್ನು ಬಿಸಾಡಬೇಕೆಂದು ಇಲ್ಲಿ ಹೇಳುತ್ತಿಲ್ಲ. ಹವಾಮಾನ, ಮಾರುಕಟ್ಟೆ ಧಾರಣೆ, ಪಹಣಿ, ಸಬ್ಸಿಡಿ ಅರ್ಜಿ ಎಲ್ಲವೂ ಫೋನಿಗೆ ಬಂದಿರುವಾಗ ಅಂಥ ಸಲಹೆ ಯಾರಿಗೂ ಉಪಯೋಗವಿಲ್ಲ. ದೊಡ್ಡ ಕಂಪನಿಗಳ ಕೆಲವು ಸೇವೆಗಳ ಬದಲಿಗೆ, ಬಳಸುವವರ ಗುಟ್ಟನ್ನು ಕಾಯುವ ಬೇರೆ ಸೇವೆಗಳಿವೆ. ಅವುಗಳಲ್ಲಿ ಯಾವುದು ರೈತರಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನು ತಿಳಿದು ಬದಲಾಯಿಸಬೇಕು.

ಉಚಿತ ಸೇವೆಗೆ ಹಣ ಎಲ್ಲಿಂದ?

ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ 2024ರಲ್ಲಿ ಗಳಿಸಿದ ಒಟ್ಟು ವರಮಾನ ಸುಮಾರು 35,000 ಕೋಟಿ ಡಾಲರ್. ಅದರಲ್ಲಿ ಸುಮಾರು 26,400 ಕೋಟಿ ಡಾಲರ್ ಜಾಹೀರಾತಿನಿಂದ ಬಂದದ್ದು. ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂಗಳ ಒಡೆತನವಿರುವ ಮೆಟಾ ಕಂಪನಿಯ ಅದೇ ವರ್ಷದ ವರಮಾನ ಸುಮಾರು 16,400 ಕೋಟಿ ಡಾಲರ್. ಅದರಲ್ಲಿ ಜಾಹೀರಾತಿನ ಪಾಲು 16,000 ಕೋಟಿಗೂ ಹೆಚ್ಚು. ಯಾರಿಗೆ ಯಾವ ಜಾಹೀರಾತು ತೋರಿಸಿದರೆ ಕೊಳ್ಳುತ್ತಾರೆ ಎಂಬ ತಿಳಿವಳಿಕೆಗೆ ಜಾಹೀರಾತುದಾರರು ಕೊಡುವ ಬೆಲೆ ಇದು. ಆ ತಿಳಿವಳಿಕೆ ಬಳಕೆದಾರರಿಂದಲೇ ಸಂಗ್ರಹವಾಗುತ್ತದೆ. ಮುಂಗಡ ಕೊಟ್ಟು ಫಸಲನ್ನು ಮೊದಲೇ ಹಿಡಿದಿಟ್ಟುಕೊಳ್ಳುವ ವ್ಯಾಪಾರಿಯನ್ನು ಬಲ್ಲ ಅಡಿಕೆ ಬೆಳೆಗಾರರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಜಾಹೀರಾತಿಗಾಗಿ ಜಿಮೇಲ್ ಪತ್ರಗಳ ಒಳಗನ್ನು ಓದುವುದನ್ನು ನಿಲ್ಲಿಸುವುದಾಗಿ ಗೂಗಲ್ 2017ರಲ್ಲಿ ಪ್ರಕಟಿಸಿತು. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶದ ಒಳಗನ್ನು ಕಳಿಸಿದವರೂ ಪಡೆದವರೂ ಹೊರತು ನಡುವಿನವರು ಓದಲಾಗದಂತೆ 2016ರಿಂದ ಬೀಗ ಹಾಕಲಾಗಿದೆ. "ವಾಟ್ಸ್‌ಆ್ಯಪ್‌ನವರು ಎಲ್ಲವನ್ನೂ ಓದುತ್ತಾರೆ" ಎಂದು ಹಳ್ಳಿಗಳಲ್ಲಿ ಹಬ್ಬಿರುವ ಮಾತನ್ನು ವಿಸ್ತರಣಾ ಕಾರ್ಯಕರ್ತರು ಪುನರುಚ್ಚರಿಸಬಾರದು. ಸೋರಿಕೆ ಆಗುವುದು ಬೇರೆ ತೂತಿನಿಂದ. ಅಂಚೆಯ ಲಕೋಟೆಯನ್ನು ಒಡೆಯದಿದ್ದರೂ, ಮೇಲಿನ ವಿಳಾಸ, ಮುದ್ರೆ, ತಾರೀಖು ನೋಡಿದವನಿಗೆ ಯಾರು ಯಾರಿಗೆ ಎಷ್ಟು ಸಲ ಬರೆಯುತ್ತಾರೆಂಬುದು ತಿಳಿಯುತ್ತದೆ. ಗೊಬ್ಬರದ ಅಂಗಡಿಗೆ ಎಷ್ಟು ಸಲ, ವಕೀಲರಿಗೆ ಎಷ್ಟು ಸಲ, ಆಸ್ಪತ್ರೆಗೆ ಎಷ್ಟು ಸಲ ಎಂಬ ಲೆಕ್ಕದಿಂದ ಒಂದು ಮನೆಯ ಕತೆಯನ್ನೇ ಬರೆಯಬಹುದು.

ನೆರೆಹೊಲದ ಕಳೆ

"ನನ್ನಲ್ಲಿ ಮುಚ್ಚಿಡುವಂಥದ್ದು ಏನಿದೆ?" ಎಂದು ಅನೇಕ ರೈತರು ಕೇಳುತ್ತಾರೆ. ಪಾರ್ಥೇನಿಯಂ ಬಗ್ಗೆಯೂ ಒಂದು ಕಾಲದಲ್ಲಿ ಹೀಗೆಯೇ ಹೇಳುತ್ತಿದ್ದರು. ನನ್ನ ಬದುವಿನ ಮೇಲೆ ನಾಲ್ಕು ಗಿಡವಿದ್ದರೆ ಯಾರಿಗೇನು ಎಂದು. ಬೀಜ ಗಾಳಿಗೆ ಹಾರಿ ಊರೆಲ್ಲ ಹರಡಿದ ಮೇಲೆ ಮಾತು ಬದಲಾಯಿತು.

ಫೋನಿನ ಮಾಹಿತಿಯೂ ಹೀಗೆಯೇ ಹರಡುತ್ತದೆ. 2018ರಲ್ಲಿ ಬಯಲಾದ ಕೇಂಬ್ರಿಜ್ ಅನಲಿಟಿಕಾ ಪ್ರಕರಣದಲ್ಲಿ, ಫೇಸ್‌ಬುಕ್ ಮೂಲಕ ಬಂದ ಒಂದು ಪ್ರಶ್ನೋತ್ತರದ ಆ್ಯಪ್ಪನ್ನು ಭಾರತದಲ್ಲಿ ಹಾಕಿಕೊಂಡವರು ಕೇವಲ 335 ಮಂದಿ ಎಂದು ಕಂಪನಿಯೇ ತಿಳಿಸಿತು. ಆದರೆ ಅವರ ಸ್ನೇಹಿತರ ಪಟ್ಟಿಯ ಮೂಲಕ ಮಾಹಿತಿ ಹೋಗಿರಬಹುದಾದ ಭಾರತೀಯರ ಸಂಖ್ಯೆ 5,62,455. ಉಳಿದ ಐದೂವರೆ ಲಕ್ಷಕ್ಕೂ ಹೆಚ್ಚು ಜನ ಏನನ್ನೂ ಒತ್ತಿರಲಿಲ್ಲ, ಯಾವುದಕ್ಕೂ ಒಪ್ಪಿರಲಿಲ್ಲ. ಒಬ್ಬ ರೈತ ಯಾವುದೋ ಸಾಲದ ಆ್ಯಪ್‌ಗೆ ತನ್ನ ದೂರವಾಣಿ ಪಟ್ಟಿಯನ್ನು ತೆರೆದುಕೊಟ್ಟರೆ, ಅದರಲ್ಲಿರುವ ಬೀಗರು, ಸೊಸೈಟಿ ಕಾರ್ಯದರ್ಶಿ, ಶಾಲೆಯ ಮೇಷ್ಟ್ರು ಎಲ್ಲರ ನಂಬರುಗಳೂ ಹೋದಂತೆಯೇ. ಕಂತು ತಪ್ಪಿದಾಗ ಅದೇ ಪಟ್ಟಿ ಹಿಡಿದು ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಮಾನ ಕಳೆದ ಪ್ರಸಂಗಗಳು ನಮ್ಮ ರಾಜ್ಯದಲ್ಲೂ ನಡೆದಿವೆ. ಇಂಥ ಹಾವಳಿಯಿಂದಾಗಿಯೇ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿ, ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಕರೆಗಳ ದಾಖಲೆ, ಚಿತ್ರ ಮತ್ತು ಕಡತಗಳನ್ನು ಮುಟ್ಟಬಾರದೆಂದು ನಿರ್ದೇಶಿಸಿತು. ಹಾಗೆ ಕೇಳುವ ಆ್ಯಪ್ ಯಾವುದೇ ಇರಲಿ, ಅದು ನಿಯಮ ಮೀರಿದ ಆ್ಯಪ್ ಎಂದೇ ತಿಳಿಯಬೇಕು.

ಬೇಸಾಯದ ಮಾಹಿತಿಗೇ ಬೆಲೆ ಬಂದಿರುವುದಕ್ಕೆ ಅಮೆರಿಕದ ಒಂದು ಉದಾಹರಣೆ ಇದೆ. ಹೊಲಹೊಲದ ಹವೆ, ಮಣ್ಣು, ಇಳುವರಿಗಳ ಲೆಕ್ಕ ಮಾಡುತ್ತಿದ್ದ ಕ್ಲೈಮೇಟ್ ಕಾರ್ಪೊರೇಷನ್ ಎಂಬ ಕಂಪನಿಯನ್ನು ಬೀಜ ಮಾರುವ ಮೊನ್ಸಾಂಟೊ 2013ರಲ್ಲಿ ಸುಮಾರು 93 ಕೋಟಿ ಡಾಲರ್ ಕೊಟ್ಟು ಕೊಂಡಿತು. 2018ರಲ್ಲಿ ಮೊನ್ಸಾಂಟೊವನ್ನೇ ಬೇಯರ್ ಕೊಂಡಿತು. ಬೀಜ ಮಾರುವವರ ಕೈಗೇ ಹೊಲದ ಲೆಕ್ಕವೂ ಹೋದರೆ ಗತಿಯೇನೆಂದು ಅಲ್ಲಿನ ರೈತರು ಚಿಂತಿಸಿದರು. 2014ರಲ್ಲಿ ಅಲ್ಲಿನ ರೈತ ಸಂಘಟನೆಗಳೂ ಕಂಪನಿಗಳೂ ಕುಳಿತು, ಹೊಲದಲ್ಲಿ ಹುಟ್ಟಿದ ಮಾಹಿತಿಗೆ ರೈತನೇ ಒಡೆಯ ಎಂಬ ತತ್ತ್ವವನ್ನು ಬರೆದುಕೊಂಡವು. ಅದು ಕಾನೂನಲ್ಲ, ಒಪ್ಪಂದ ಮಾತ್ರ. ಇದೇ ಕಾಲದಲ್ಲಿ ಫಾರ್ಮ್‌ಓಎಸ್ ಎಂಬ ಮುಕ್ತ ತಂತ್ರಾಂಶವೂ ಬೆಳೆಯಿತು. ಬಿತ್ತನೆ, ಗೊಬ್ಬರ, ಕೊಯ್ಲಿನ ದಾಖಲೆಗಳನ್ನು ರೈತ ತನ್ನದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಲು ಅದರಲ್ಲಿ ಅವಕಾಶವಿದೆ. ನಮ್ಮ ಸಣ್ಣ ಹಿಡುವಳಿದಾರರಿಗೆ ಅಷ್ಟೆಲ್ಲ ಬೇಕಿಲ್ಲ. ಒಂದು ಲೆಕ್ಕದ ಪುಸ್ತಕ ಸಾಕು. ಪುಸ್ತಕ ಯಾರಿಗೂ ವರದಿ ಕಳಿಸುವುದಿಲ್ಲ.

ಮುಕ್ತ ತಂತ್ರಾಂಶ ಎಂಬ ಮಾತು ಮುಂದೆಯೂ ಬರುವುದರಿಂದ ಅದನ್ನು ಇಲ್ಲಿಯೇ ತಿಳಿಸುವುದು ಒಳ್ಳೆಯದು. ಇದು ಮನೆಯ ಬೀಜವಿದ್ದಂತೆ. ಒಳಗೆ ಏನಿದೆ ಎಂಬುದನ್ನು ಬಲ್ಲವರು ಯಾರು ಬೇಕಾದರೂ ಬಿಚ್ಚಿ ಪರೀಕ್ಷಿಸಬಹುದು. ಉಳಿಸಿಕೊಳ್ಳಬಹುದು, ಹಂಚಬಹುದು, ತಮ್ಮ ಸೀಮೆಗೆ ತಕ್ಕಂತೆ ತಿದ್ದಿಕೊಳ್ಳಬಹುದು. ಉಚಿತವಾಗಿ ಸಿಗುವುದೆಲ್ಲ ಮುಕ್ತವಲ್ಲ ಎಂಬ ವ್ಯತ್ಯಾಸವನ್ನು ನೆನಪಿಡಬೇಕು.

ಒಂದೇ ಗೂಟಕ್ಕೆ ಎಲ್ಲ ದನ

ಗುಟ್ಟಿನ ಪ್ರಶ್ನೆಯಲ್ಲದೆ ಇನ್ನೊಂದು ಅಪಾಯವೂ ಇದೆ. 2021ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಒಬ್ಬ ತಂದೆ ತನ್ನ ಎಳೆಯ ಮಗನ ಕಾಯಿಲೆಯ ಭಾಗದ ಚಿತ್ರವನ್ನು ವೈದ್ಯರಿಗೆ ಕಳಿಸಲೆಂದು ಫೋನಿನಲ್ಲಿ ತೆಗೆದ. ಚಿತ್ರ ತಾನಾಗಿ ಗೂಗಲ್ ಸಂಗ್ರಹಕ್ಕೆ ಹೋಯಿತು. ಅಲ್ಲಿನ ಯಂತ್ರ ಅದನ್ನು ಅಪರಾಧದ ಚಿತ್ರವೆಂದು ಎಣಿಸಿ ಖಾತೆಯನ್ನು ಮುಚ್ಚಿತು. ಪೊಲೀಸರು ತನಿಖೆ ಮಾಡಿ ತಪ್ಪೇನೂ ಇಲ್ಲವೆಂದರು. ಆದರೂ ಖಾತೆ ಮರಳಿ ಬರಲಿಲ್ಲ. ಪತ್ರಗಳು, ವರ್ಷಗಟ್ಟಲೆಯ ಚಿತ್ರಗಳು, ಪರಿಚಿತರ ವಿಳಾಸಗಳು, ಅದೇ ಕಂಪನಿಯಿಂದ ಪಡೆದಿದ್ದ ಫೋನ್ ನಂಬರು ಎಲ್ಲ ಒಟ್ಟಿಗೆ ಹೋದವು. 2022ರ ಆಗಸ್ಟ್‌ನಲ್ಲಿ ಇದು ಪತ್ರಿಕೆಗಳಲ್ಲಿ ವರದಿಯಾಯಿತು.

ಇಲ್ಲಿ ದುರುದ್ದೇಶ ಯಾರದ್ದೂ ಇರಲಿಲ್ಲ. ಆದರೆ ಎಲ್ಲ ದನವನ್ನೂ ಒಂದೇ ಗೂಟಕ್ಕೆ ಕಟ್ಟಿದ್ದರಿಂದ ಗೂಟ ಕಿತ್ತಾಗ ಕೊಟ್ಟಿಗೆಯೇ ಬರಿದಾಯಿತು. ನಮ್ಮಲ್ಲಿಯೂ ಪಹಣಿ, ವಿಭಾಗಪತ್ರ, ಪಾಸ್‌ಪುಸ್ತಕ, ಮಕ್ಕಳ ಅಂಕಪಟ್ಟಿ ಎಲ್ಲವನ್ನೂ ಫೋಟೊ ತೆಗೆದು ಒಂದೇ ಖಾತೆಯಲ್ಲಿ ಬಿಟ್ಟಿರುವ ರೈತರು ಬಹಳ. ಬದಲಿ ಸೇವೆಗೆ ಹೋಗಲಿ ಬಿಡಲಿ, ಇವುಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಸಿ ಟ್ರಂಕಿನಲ್ಲಿಡುವುದನ್ನು ಈ ವಾರವೇ ಮಾಡಬೇಕು. ಗೂಗಲ್ ಖಾತೆಯಲ್ಲಿರುವುದನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಲು ಟೇಕ್‌ಔಟ್ ಎಂಬ ಸೌಲಭ್ಯವನ್ನು ಆ ಕಂಪನಿಯೇ ಒದಗಿಸಿದೆ.

ಎಲ್ಲಿಂದ ಆರಂಭಿಸಬೇಕು?

ಹೊಸ ತಳಿಯೊಂದನ್ನು ಶಿಫಾರಸು ಮಾಡಿದಾಗ ಜಾಣ ರೈತ ಎಲ್ಲ ಎಕರೆಗೂ ಒಮ್ಮೆಲೇ ಹಾಕುವುದಿಲ್ಲ. ಮೊದಲ ವರ್ಷ ಹತ್ತು ಗುಂಟೆಗೆ ಹಾಕಿ ನೋಡುತ್ತಾನೆ. ಇಲ್ಲಿಯೂ ಅದೇ ಕ್ರಮ. ಬೇರೆಯವರ ಒಪ್ಪಿಗೆ ಬೇಕಿಲ್ಲದ ಬದಲಾವಣೆಗಳನ್ನು ಮೊದಲು ಮಾಡಬೇಕು. ಬ್ರೌಸರ್, ಹುಡುಕುವ ಯಂತ್ರ, ಭೂಪಟ ಇವು ಮೂರೂ ಅಂಥವು. ಇವನ್ನು ಒಬ್ಬ ರೈತ ಸಂಜೆಯ ಒಂದು ಗಂಟೆಯಲ್ಲಿ ಬದಲಾಯಿಸಬಹುದು.

ಬ್ರೌಸರ್‌ಗೆ ಮೊಜಿಲ್ಲಾ ಸಂಸ್ಥೆಯ ಫೈರ್‌ಫಾಕ್ಸ್ ಒಳ್ಳೆಯದು. ಇದು ಮುಕ್ತ ತಂತ್ರಾಂಶ. ಇದಕ್ಕೆ ಯೂಬ್ಲಾಕ್ ಆರಿಜಿನ್ ಎಂಬ ಜೋಡಣೆಯನ್ನು ಸೇರಿಸಿದರೆ ಪುಟದ ತುಂಬ ಕುಣಿಯುವ ಜಾಹೀರಾತುಗಳೂ, ಹಿಂಬಾಲಿಸುವ ಗುಪ್ತ ಗುರುತುಗಳೂ ಬಹುಮಟ್ಟಿಗೆ ನಿಲ್ಲುತ್ತವೆ. ಹಳ್ಳಿಯ ದುರ್ಬಲ ಸಂಪರ್ಕದಲ್ಲಿ ಪುಟ ಬೇಗ ತೆರೆಯುವುದು ಇದರ ಇನ್ನೊಂದು ಲಾಭ. ಗುಟ್ಟಿನ ಬಗ್ಗೆ ಆಸಕ್ತಿಯಿಲ್ಲದವರೂ ಇದೊಂದನ್ನು ಮಾಡಬಹುದು.

ಹುಡುಕಲು ಡಕ್‌ಡಕ್‌ಗೋ ಎಂಬುದಿದೆ; 2008ರಲ್ಲಿ ಆರಂಭವಾದದ್ದು. ಯಾರು ಏನು ಹುಡುಕಿದರೆಂಬ ಕಡತವನ್ನು ಇದು ಇಡುವುದಿಲ್ಲ. ಜಾಹೀರಾತು ಇಲ್ಲಿಯೂ ಇದೆ, ಆದರೆ ಆಗ ಕೇಳಿದ ಪ್ರಶ್ನೆಗೆ ತಕ್ಕ ಜಾಹೀರಾತು. ನಿನ್ನೆ ಮೊನ್ನೆಯ ಪ್ರಶ್ನೆಗಳನ್ನು ಕೂಡಿಸಿದ್ದಲ್ಲ. ಇದರ ಫಲಿತಾಂಶಗಳು ಹೆಚ್ಚಾಗಿ ಮೈಕ್ರೋಸಾಫ್ಟ್‌ನ ಬಿಂಗ್‌ನಿಂದ ಬರುತ್ತವೆ. ಇದರ ಬ್ರೌಸರ್ ಆ್ಯಪ್ ಮೈಕ್ರೋಸಾಫ್ಟ್‌ನ ಕೆಲವು ಗುರುತುಗಳನ್ನು ತಡೆಯದೆ ಬಿಟ್ಟಿದ್ದುದು 2022ರಲ್ಲಿ ಬಯಲಾಗಿ, ಟೀಕೆಯ ಬಳಿಕ ಸರಿಪಡಿಸಲಾಯಿತು. ಕನ್ನಡದಲ್ಲಿ ಹುಡುಕುವಾಗ ಗೂಗಲ್‌ನಷ್ಟು ಫಲ ಸಿಗದಿರಬಹುದು. ಹಾಗಿದ್ದಾಗ ಕೀಟನಾಶಕದ ಪ್ರಮಾಣದಂಥ ಮಾತಿಗೆ ಗೂಗಲ್ ನೋಡಿದರೆ ದೋಷವಿಲ್ಲ. ಸಾಲ, ಕಾಯಿಲೆ, ಮೊಕದ್ದಮೆ, ಮದುವೆ ಸಂಬಂಧದ ಹುಡುಕಾಟಗಳನ್ನಾದರೂ ಬೇರೆ ಕಡೆ ಮಾಡಬೇಕು. ಕೀಟನಾಶಕದ ಪ್ರಮಾಣಕ್ಕೆ ಡಬ್ಬಿಯ ಮೇಲಿನ ಚೀಟಿಯನ್ನೂ ಕೃಷಿ ಅಧಿಕಾರಿಯನ್ನೂ ಕೇಳುವುದು ಇನ್ನೂ ಒಳ್ಳೆಯದೆನ್ನುವುದು ಬೇರೆ ಮಾತು.

ಭೂಪಟಕ್ಕೆ ಆರ್ಗ್ಯಾನಿಕ್ ಮ್ಯಾಪ್ಸ್. ಹೆಸರು ಕೇಳಿ ಸಾವಯವ ಕೃಷಿಯ ಆ್ಯಪ್ ಎಂದು ಭಾವಿಸಬಾರದು. ಕರ್ನಾಟಕದ ಭೂಪಟವನ್ನು ಒಮ್ಮೆ ಇಳಿಸಿಕೊಂಡರೆ ಮುಂದೆ ಸಂಪರ್ಕವಿಲ್ಲದೆಯೂ ದಾರಿ ತೋರಿಸುತ್ತದೆ. ಸಿಗ್ನಲ್ ಸಿಗದ ಮಲೆನಾಡಿನ ಕಣಿವೆಗಳಲ್ಲಿ ಇದು ನಿಜವಾಗಿ ಉಪಯುಕ್ತ. ಎಲ್ಲಿಗೆ ಹೋದಿರೆಂಬ ಲೆಕ್ಕ ಯಾರಿಗೂ ಹೋಗುವುದಿಲ್ಲ. ರಸ್ತೆಯ ದಟ್ಟಣೆಯನ್ನು ಇದು ತಿಳಿಸದು. ಬೆಂಗಳೂರಿನಲ್ಲಿ ಇದೊಂದು ಕೊರತೆ, ಹೊಸನಗರದಲ್ಲಿ ಅಲ್ಲ. ಇದರ ಮೂಲವಾದ ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು. ವಿಕಿಪೀಡಿಯದಂತೆ ಜನರೇ ತುಂಬಿಸುವ ಭೂಪಟ. ಊರಿನ ಕೆರೆ, ಗುಂಡುತೋಪು, ಹಾಲಿನ ಡೇರಿ, ಕಾಲುದಾರಿ ಅದರಲ್ಲಿ ಇಲ್ಲದಿದ್ದರೆ ಊರಿನ ಯುವಕರೇ ಸೇರಿಸಬಹುದು. ಇಂಥ ಕೆಲಸಕ್ಕೆ ಯುವಕ ಸಂಘಗಳು ಮುಂದೆ ಬಂದರೆ ಒಂದು ಬೇಸಿಗೆ ರಜೆ ಸಾಕು.

ಕನ್ನಡ ಬೆರಳಚ್ಚಿನ ಕೀಲಿಮಣೆಯೂ ಗಮನಿಸಬೇಕಾದ ಒಂದು ಬಾಗಿಲು. ಬರೆಯುವ ಪ್ರತಿ ಅಕ್ಷರವೂ ಅದರ ಮೂಲಕವೇ ಹಾಯುತ್ತದೆ. ಇಂಡಿಕ್ ಕೀಬೋರ್ಡ್ ಎಂಬ ಮುಕ್ತ ಕೀಲಿಮಣೆಯಲ್ಲಿ ಕನ್ನಡವಿದೆ. ಇಂಥ ಮುಕ್ತ ಆ್ಯಪ್‌ಗಳನ್ನೇ ಒಟ್ಟುಗೂಡಿಸಿದ ಎಫ್-ಡ್ರಾಯ್ಡ್ ಎಂಬ ಮಳಿಗೆಯೂ ಇದೆ.

ಸಂದೇಶದ ಆ್ಯಪ್: ಎಲ್ಲಕ್ಕಿಂತ ಕಷ್ಟದ್ದು

ಇಲ್ಲಿ ಒಬ್ಬರೇ ಬದಲಾದರೆ ಪ್ರಯೋಜನವಿಲ್ಲ. ಕಾಲುವೆಯ ಕೊನೆಯ ರೈತ ಒಬ್ಬನೇ ನೀರಿನ ಸರದಿ ಬದಲಾಯಿಸಲಾರ.

ಫೇಸ್‌ಬುಕ್ ಕಂಪನಿ ವಾಟ್ಸ್‌ಆ್ಯಪ್ಪನ್ನು 2014ರಲ್ಲಿ 1,900 ಕೋಟಿ ಡಾಲರ್ ಬೆಲೆಗೆ ಕೊಳ್ಳುವುದಾಗಿ ಪ್ರಕಟಿಸಿತು. ವಾಟ್ಸ್‌ಆ್ಯಪ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಬ್ರಯನ್ ಆ್ಯಕ್ಟನ್ 2017ರಲ್ಲಿ ಆ ಕಂಪನಿ ಬಿಟ್ಟರು. ಮರುವರ್ಷ 5 ಕೋಟಿ ಡಾಲರ್ ಹಾಕಿ ಸಿಗ್ನಲ್ ಪ್ರತಿಷ್ಠಾನದ ಸ್ಥಾಪನೆಯಲ್ಲಿ ಪಾಲುಗೊಂಡರು. ಕಟ್ಟಿದವನೇ ಮನೆ ಬಿಟ್ಟು ಎದುರುಮನೆ ಕಟ್ಟಲು ಹಣ ಕೊಟ್ಟ ಸಂಗತಿ ಇದು. ವಿಶೇಷವೆಂದರೆ ಎರಡೂ ಆ್ಯಪ್‌ಗಳ ಸಂದೇಶಕ್ಕೆ ಹಾಕುವ ಬೀಗ ಒಂದೇ ಬಗೆಯದು. ಸಿಗ್ನಲ್‌ನವರು ರೂಪಿಸಿದ್ದನ್ನೇ ವಾಟ್ಸ್‌ಆ್ಯಪ್ ಬಳಸುತ್ತದೆ. ವ್ಯತ್ಯಾಸವಿರುವುದು ಲಕೋಟೆಯ ಹೊರಗಿನ ವಿವರದಲ್ಲಿ. 2016ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಮಾಹಿತಿ ಕೊಡುವಂತೆ ಆದೇಶಿಸಿದಾಗ ಸಿಗ್ನಲ್‌ನವರ ಬಳಿ ಇದ್ದದ್ದು ಎರಡೇ ಸಂಗತಿ: ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ. ಸಂಗ್ರಹಿಸಿಯೇ ಇಲ್ಲದ್ದನ್ನು ಯಾರೂ ಕೇಳಿ ಪಡೆಯಲಾಗದು, ಕದಿಯಲೂ ಆಗದು. ಸಿಗ್ನಲ್‌ನಲ್ಲಿ ಜಾಹೀರಾತಿಲ್ಲ; ದೇಣಿಗೆಯಿಂದ ನಡೆಯುತ್ತದೆ. ಒಂದು ಗುಂಪಿನಲ್ಲಿ 1,000 ಜನರನ್ನು ಸೇರಿಸಬಹುದು. 2024ರಿಂದ ಬಳಕೆದಾರರು ತಮ್ಮ ಫೋನ್ ನಂಬರನ್ನು ಗುಂಪಿನ ಇತರರಿಗೆ ಕಾಣದಂತೆ ಇಟ್ಟುಕೊಳ್ಳಬಹುದು. ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರಿಗೆ ಇದು ದೊಡ್ಡ ಅನುಕೂಲ.

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಹೊಸ ನಿಯಮಗಳನ್ನು ಒಪ್ಪಲೇಬೇಕೆಂದಾಗ ಜನ ಸಿಗ್ನಲ್‌ಗೆ ಮುಗಿಬಿದ್ದರು. ನೂಕುನುಗ್ಗಲು ತಾಳದೆ ಸಿಗ್ನಲ್ ಒಂದು ದಿನ ಕೆಟ್ಟು ನಿಂತಿತು. ಆ ನಿಯಮಗಳ ವಿಷಯದಲ್ಲಿ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಆದರೆ ಅಂದು ಹೋದವರಲ್ಲಿ ಅನೇಕರು ಕೆಲವೇ ತಿಂಗಳಲ್ಲಿ ಮರಳಿದರು. ಕಾರಣ ಸರಳ. ಅವರು ಹೋದ ಕಡೆ ನೆಂಟರಿರಲಿಲ್ಲ, ಹಾಲಿನ ಸಂಘದ ಗುಂಪಿರಲಿಲ್ಲ, ಟ್ರ್ಯಾಕ್ಟರ್ ಬಾಡಿಗೆಯವನಿರಲಿಲ್ಲ.

ಆದ್ದರಿಂದ ವ್ಯಕ್ತಿಯ ಬದಲು ಗುಂಪನ್ನು ಸಾಗಿಸಬೇಕು. ಉದಾಹರಣೆಗೆ ರೈತ ಉತ್ಪಾದಕರ ಕಂಪನಿಯ ನಿರ್ದೇಶಕರ ಗುಂಪನ್ನು ತೆಗೆದುಕೊಳ್ಳಬಹುದು. ಎಷ್ಟು ಕ್ವಿಂಟಲ್ ದಾಸ್ತಾನಿದೆ, ಯಾವ ಖರೀದಿದಾರನಿಗೆ ಯಾವ ದರ ಹೇಳಿದೆ ಎಂಬ ಮಾತು ನಡೆಯುವುದು ಅಲ್ಲಿಯೇ. ಹತ್ತು ಹದಿನೈದು ಜನರ ಆ ಒಂದು ಗುಂಪು ಒಂದು ಸಭೆಯಲ್ಲಿ ತೀರ್ಮಾನಿಸಿ, ಸಭೆಯಲ್ಲೇ ಎಲ್ಲರ ಫೋನಿಗೂ ಸಿಗ್ನಲ್ ಹಾಕಿಸಿ, ಹಳೆಯ ಗುಂಪನ್ನು ಮುಚ್ಚಬೇಕು. ಹಳೆಯದನ್ನು ತೆರೆದಿಟ್ಟರೆ ಮಾತು ಅಲ್ಲಿಗೇ ಹರಿಯುತ್ತದೆ. ಊರಿನ ಹಬ್ಬದ ಶುಭಾಶಯಗಳು ವಾಟ್ಸ್‌ಆ್ಯಪ್‌ನಲ್ಲಿಯೇ ಇರಲಿ, ನಷ್ಟವಿಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು. ನೂರಾರು ಜನರಿರುವ ಗುಂಪಿಗೆ ಫಲಾನುಭವಿಗಳ ಆಧಾರ್, ಪಾಸ್‌ಪುಸ್ತಕದ ಪ್ರತಿಗಳನ್ನು ಹಾಕಿಸಿಕೊಳ್ಳುವ ಅಭ್ಯಾಸ ಕೆಲವೆಡೆ ಬೆಳೆದಿದೆ. ಯಾವ ಆ್ಯಪ್ ಆದರೂ ಇದು ತಪ್ಪು. ದಾಖಲೆ ಬೇಕಿದ್ದರೆ ಒಬ್ಬೊಬ್ಬರಿಂದ ಬೇರೆಯಾಗಿ ಪಡೆದು, ಕೆಲಸ ಮುಗಿದ ಮೇಲೆ ಅಳಿಸಬೇಕು. ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಆಧಾರ್ ಪ್ರತಿಯನ್ನು ಪ್ರಾಧಿಕಾರವೇ ಕೊಡುತ್ತದೆ. ಸಾಧ್ಯವಿದ್ದಲ್ಲೆಲ್ಲ ಅದನ್ನೇ ಕೇಳಬೇಕು.

ಸ್ವದೇಶಿ ಆ್ಯಪ್‌ಗಳ ಪ್ರಶ್ನೆಯೂ ಬರುತ್ತದೆ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋಹೊ ಕಂಪನಿಯ ಅರಟ್ಟೈಗೆ ಜನ ಧಾವಿಸಿದಾಗ ಅದರ ಕರೆಗಳಿಗೆ ಬೀಗವಿತ್ತು, ಲಿಖಿತ ಸಂದೇಶಗಳಿಗೆ ಆಗಿನ್ನೂ ಇರಲಿಲ್ಲ. ದೇಶೀಯವಾಗಿರುವುದು ಒಂದು ಗುಣ, ಗುಟ್ಟು ಕಾಯುವುದು ಇನ್ನೊಂದು ಗುಣ; ದೇಸಿ ಹಸುವೆಂದ ಮಾತ್ರಕ್ಕೆ ಹಾಲು ಅಳೆಯದೆ ಕೊಳ್ಳುವವರಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ 2020ರಲ್ಲಿ ಕನ್ನಡದಲ್ಲಿಯೇ ಮೊದಲು ಬಂದ ಕೂ ಆ್ಯಪ್ 2024ರ ಜುಲೈನಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ಬದಲಿ ಸೇವೆಗಳೂ ಸಾಯುತ್ತವೆ. ಸೇರುವ ಮುನ್ನವೇ ಹೊರಬರುವ ದಾರಿ ಇದೆಯೇ ಎಂದು ನೋಡಿಕೊಳ್ಳಬೇಕು.

ಮಿಂಚಂಚೆಯ ವಿಳಾಸ

ಇದನ್ನು ಕೊನೆಗೆ ಇಡುವುದು ಮೇಲು. ಅವಸರ ಮಾಡಿದರೆ ತೊಂದರೆ ಇಲ್ಲಿಯೇ ಹೆಚ್ಚು. ಪ್ರೋಟಾನ್ ಮೇಲ್ 2014ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಆರಂಭವಾಯಿತು. ಸಂಗ್ರಹವಾದ ಪತ್ರಗಳನ್ನು ಕಂಪನಿಯೇ ಓದಲಾರದಂತೆ ಬೀಗ ಹಾಕಿಡುತ್ತದೆ. ಹಣ ಕೊಡುವ ಗ್ರಾಹಕರಿಂದ ನಡೆಯುವುದರಿಂದ ಸಣ್ಣ ಪ್ರಮಾಣದ ಬಳಕೆ ಉಚಿತ. ಆದರೆ ಇದು ಕಾನೂನಿನಾಚೆಯ ದ್ವೀಪವಲ್ಲ. 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶದ ಮೇರೆಗೆ ಫ್ರಾನ್ಸಿನ ಒಬ್ಬ ಹೋರಾಟಗಾರನ ಸಂಪರ್ಕದ ಗುರುತನ್ನು ಒಪ್ಪಿಸಬೇಕಾಯಿತು. ನಮ್ಮ ಕರ್ನಾಟಕದಲ್ಲಿಯೇ 2025ರ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ, ಅಶ್ಲೀಲ ಪತ್ರಗಳ ದೂರಿನ ಪ್ರಕರಣವೊಂದರಲ್ಲಿ, ಈ ಸೇವೆಯನ್ನು ಭಾರತದಲ್ಲಿ ತಡೆಯಲು ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ಕೊಟ್ಟಿತು. ಹೀಗಾಗಿ ಖಾತೆ ತೆರೆಯುವವರು ಅದು ತಮ್ಮಲ್ಲಿ ಸರಿಯಾಗಿ ನಡೆಯುತ್ತಿದೆಯೇ ಎಂದು ಕೆಲವು ವಾರ ನೋಡಿ ಮುಂದುವರಿಯಬೇಕು. ಬ್ಯಾಂಕು, ವಿಮೆ, ತೆರಿಗೆಗೆ ಅದೊಂದೇ ವಿಳಾಸವನ್ನು ಕೊಟ್ಟು ಕೂರಬಾರದು.

ಬದಲಾಯಿಸಲಾಗದ್ದು

ಫ್ರೂಟ್ಸ್ ಸಂಖ್ಯೆ, ಭೂಮಿ, ಪಿಎಂ ಕಿಸಾನ್, ಬ್ಯಾಂಕಿನ ಆ್ಯಪ್ ಇವಕ್ಕೆ ಬದಲಿ ಇಲ್ಲ. ಅಲ್ಲಿ ಕೊಡಬೇಕಾದ್ದನ್ನು ಕೊಡಲೇಬೇಕು. ಹಣ ಪಾವತಿಗೆ ಖಾಸಗಿ ಆ್ಯಪ್‌ಗಳ ಬದಲು ರಾಷ್ಟ್ರೀಯ ಪಾವತಿ ನಿಗಮದ ಭೀಮ್ ಬಳಸಬಹುದು. ಆದರೂ ಬ್ಯಾಂಕಿಗೆ ಲೆಕ್ಕ ತಿಳಿದೇ ತಿಳಿಯುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆಧಾರ್ ಪ್ರಶ್ನಿಸಿ 2012ರಲ್ಲಿ ಆ ಅರ್ಜಿ ಹಾಕಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರಿಗೆ ವಯಸ್ಸು ಎಂಬತ್ತು ದಾಟಿತ್ತು. ಬಳಿಕ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂದಿತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಹಂತಹಂತವಾಗಿ ಜಾರಿಗೆ ಬರುತ್ತವೆ. ಕಾಯಿದೆ ಬಂದಿತೆಂದು ಬೇಲಿ ಕಟ್ಟದಿರುವುದು ಸರಿಯಲ್ಲ.

ಏನನ್ನೂ ಬದಲಾಯಿಸಲು ಇಷ್ಟವಿಲ್ಲದವರು ಹಳೆಯ ಫೋನಿನಲ್ಲಿಯೇ ಕೆಲವನ್ನು ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಅನುಮತಿಯ ಪಟ್ಟಿ ತೆರೆದು, ಟಾರ್ಚು, ಕ್ಯಾಲೆಂಡರ್, ಆಟದ ಆ್ಯಪ್‌ಗಳಿಗೆ ಸಂಪರ್ಕ ಪಟ್ಟಿ ಮತ್ತು ಸ್ಥಳದ ಅನುಮತಿ ಇದ್ದರೆ ತೆಗೆಯಬೇಕು. ಹೊಸ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಖಾಸಗಿತನದ ವಿಭಾಗದಡಿ ಜಾಹೀರಾತು ಗುರುತನ್ನು ಅಳಿಸುವ ಅವಕಾಶವಿದೆ. ಗೂಗಲ್ ಖಾತೆಯಲ್ಲಿ ಹುಡುಕಾಟದ ಇತಿಹಾಸ ಮೂರು ತಿಂಗಳಿಗೊಮ್ಮೆ ತಾನಾಗಿ ಅಳಿಯುವಂತೆ ಮಾಡಬಹುದು.

ಬದಲಾಯಿಸುವವರು ಎರಡು ಎಚ್ಚರ ವಹಿಸಬೇಕು. ಸಿಗ್ನಲ್‌ನಲ್ಲಿ ಹಳೆಯ ಸಂದೇಶಗಳ ಪ್ರತಿ ತಾನಾಗಿ ಉಳಿಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ತೆರೆದು, ಆಗ ಬರುವ ಉದ್ದದ ಕೀಲಿಪದವನ್ನು ಕಾಗದದಲ್ಲಿ ಬರೆದು ಪಹಣಿಯ ಕಡತದ ಜೊತೆ ಇಡಬೇಕು. ಫೋನು ಬಾವಿಗೆ ಬಿದ್ದರೆ ಆ ಕಾಗದವೇ ಗತಿ, ಕಂಪನಿಯವರೂ ತೆರೆದುಕೊಡಲಾರರು. ಪ್ರೋಟಾನ್‌ನ ಗುಪ್ತಪದಕ್ಕೂ ಇದೇ ಮಾತು.

ಎರಡನೆಯದು ಹಳೆಯ ವಿಳಾಸದ್ದು. ಜಿಮೇಲ್ ವಿಳಾಸ ಎಲ್ಲೆಲ್ಲಿ ನಮೂದಾಗಿದೆ ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಬರೆಯಬೇಕು: ಬ್ಯಾಂಕು, ಬೆಳೆ ವಿಮೆ, ಪ್ಯಾನ್, ಅಡಿಗೆ ಅನಿಲ, ಮಕ್ಕಳ ಕಾಲೇಜು. ತಿಂಗಳಿಗೆ ಒಂದೆರಡರಂತೆ ಬದಲಾಯಿಸಿ ಪಟ್ಟಿಯಲ್ಲಿ ಗುರುತು ಹಾಕುತ್ತ ಹೋಗಬೇಕು. ಅಷ್ಟರವರೆಗೆ ಹಳೆಯ ಖಾತೆ ತೆರೆದಿರಲಿ, ಆಗಾಗ ಒಳಗೆ ಹೋಗಿ ನೋಡುತ್ತಿರಬೇಕು. ಎರಡು ವರ್ಷ ಯಾರೂ ಮುಟ್ಟದ ಖಾತೆಗಳನ್ನು ಅಳಿಸಿಹಾಕುವ ಕ್ರಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಆರಂಭಿಸಿದೆ.